ಬೆಂಕಿ ಆರುವ ದೃಶ್ಯದಲ್ಲಿ ಒಂದು ಧ್ವನಿ

ಬೀದಿಯ ಮಕ್ಕಳು ನನ್ನ ಸೋದರಮಾವನಿಗೆ ಇಟ್ಟಿದ್ದ ಹೆಸರು ಉಶ್ ಮಾಸ್ತರ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದುಡಿಯುವ ವಯಸ್ಸನ್ನೆಲ್ಲ ಒಂದು ಪ್ರೆಸ್ಸಿನ ನೆಲಮಾಳಿಗೆಯಲ್ಲಿ ಮಷೀನಿನ ಮುಂದೆ ನಿಂತು ಕಳೆದವರು. ಕಾಗದ ನುಂಗಿ ಉಗುಳುವ ಆ ಮಷೀನಿನ ಸದ್ದಿಗೆ ಅಲ್ಲಿ ಮಾತು ನಡೆಯುತ್ತಿರಲಿಲ್ಲ, ಎಲ್ಲ ಕೈಸನ್ನೆಯಲ್ಲೇ. ಬೆರಳೆತ್ತಿದರೆ ಮಸಿ ಕಡಿಮೆ, ಮುಷ್ಟಿ ಹಿಡಿದರೆ ನಿಲ್ಲಿಸು, ಅಂಗೈ ಅಲ್ಲಾಡಿಸಿದರೆ ಕಾಗದ ಸಿಕ್ಕಿಕೊಂಡಿದೆ. ಸಂಜೆ ಮನೆಗೆ ಬರುವಾಗ ಉಗುರುಗಳಲ್ಲಿ ಮಸಿ, ಕಿವಿಯೊಳಗೆ ಇನ್ನೂ ಓಡುತ್ತಿರುವ ಮಷೀನು. ಬಂದವರು ಮೊದಲು ಬಾಗಿಲು ಹಾಕುತ್ತಿದ್ದರು, ಆಮೇಲೆ ಕಿಟಕಿ. ಚಪ್ಪಲಿ ಬಿಡುವುದು ಅದಾದ ಮೇಲೆ.

ಅತ್ತೆಯದು ಇದಕ್ಕೆ ಪೂರಾ ತದ್ವಿರುದ್ಧ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆ ಕಾಲದಲ್ಲಿ ಯಾರು ಯಾರ ಜೊತೆ ಮಾತಾಡಬೇಕಾದರೂ ಮೊದಲು ಅತ್ತೆಯ ಧ್ವನಿಯನ್ನು ದಾಟಿಕೊಂಡೇ ಹೋಗಬೇಕಿತ್ತು. ಅಂಗಡಿಯಲ್ಲಿ ನಿಂತು ಸಕ್ಕರೆ ಕೇಳಿದರೆ ಸಾಕು, ಬೆನ್ನು ಹಾಕಿ ನಿಂತಿದ್ದ ಅಂಗಡಿಯವನು ತಿರುಗದೆಯೇ, “ಏನು ಎಕ್ಸ್‌ಚೇಂಜಮ್ಮ, ಇವತ್ತು ಲೈನು ಸರಿ ಇದೆಯಾ?” ಅನ್ನುತ್ತಿದ್ದ. ದಿನವಿಡೀ ಮಾತಾಡಿ ಮನೆಗೆ ಬಂದರೂ ಅವರ ಮಾತಿನ ಬುಟ್ಟಿ ಬರಿದಾಗುತ್ತಿರಲಿಲ್ಲ. ಕೇಳುವವರಿಲ್ಲದಿದ್ದರೆ ಒಲೆಯ ಮೇಲಿನ ಹಾಲಿಗೆ ಹೇಳುತ್ತಿದ್ದರು: “ತಡೀ ಮಾರಾಯ್ತಿ, ಬಂದೆ, ಏನವಸರ ನಿಂಗೆ?” ನಾನು ಚಿಕ್ಕವಳಿದ್ದಾಗ ಇದನ್ನು ಕೇಳಿದ್ದೇನೆ. ಆ ಮಾತು ನೆನಪಿದೆ. ಧ್ವನಿ ಮಾತ್ರ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ.

ಈ ಇಬ್ಬರ ಮನೆಗೆ ಟೀವಿ ಬಂತು. ಟೀವಿಯಲ್ಲಿ ನಾಟಕಗಳು ಬಂದವು. ಒಮ್ಮೆ ತೋರಿಸಿದ್ದನ್ನು ಮತ್ತೆ ನೋಡುವ ದಾರಿ ಆಗ ಯಾವ ಮನೆಯಲ್ಲೂ ಇರಲಿಲ್ಲ. ಮಾವ ಒಂದು ಟೇಪ್ ರೆಕಾರ್ಡರ್ ತಂದರು. ಟೀವಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಮಡಿಸಿದ ಟವೆಲು, ಅದರ ಮೇಲೆ ಮೈಕು. ಚಿತ್ರ ಹೋದರೆ ಹೋಗಲಿ, ಧ್ವನಿಯಾದರೂ ಉಳಿಯುತ್ತದಲ್ಲ. ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿ ಆ ಕ್ಯಾಸೆಟ್ಟುಗಳನ್ನು ಕೇಳುತ್ತಿದ್ದರು. ವಾರದ ಗದ್ದಲವನ್ನೆಲ್ಲ ಅವರು ತೊಳೆದುಕೊಳ್ಳುತ್ತಿದ್ದುದು ಹಾಗೆ.

ಆದರೆ ಮೈಕಿಗೆ ಟೀವಿಯ ಮಾತು ಯಾವುದು, ಮನೆಯ ಮಾತು ಯಾವುದು ಅನ್ನುವ ಭೇದವಿಲ್ಲ. ಹಾಗಾಗಿ ರೆಕಾರ್ಡಿಂಗ್ ಇದ್ದ ಸಂಜೆ ಆ ಮನೆಗೆ ಬೇರೆಯೇ ಕಾನೂನು. ಫ್ಯಾನು ಬಂದ್. ಗೋಡೆ ಗಡಿಯಾರವನ್ನು ಇಳಿಸಿ, ಕಂಬಳಿಯಲ್ಲಿ ಸುತ್ತಿ, ಬೀರುವಿನೊಳಗೆ ಇಡುವುದು. ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವುದು. ಕುಕ್ಕರ್ ಇಡುವಂತಿಲ್ಲ. ಅತ್ತೆಗೆ ಆಗಾಗ ಒಣಕೆಮ್ಮು ಬರುತ್ತಿತ್ತು, ಅದಕ್ಕೆ ಬಾಯಲ್ಲೊಂದು ಪೆಪ್ಪರ್‌ಮಿಂಟು, ತೊಡೆಯ ಮೇಲೊಂದು ದಿಂಬು. ಏನಾದರೂ ಹೇಳಲೇಬೇಕಾದರೆ ಪ್ರೆಸ್ಸಿನ ಸನ್ನೆ. ಮಷೀನಿಗೆ ಹುಟ್ಟಿದ ಭಾಷೆಯನ್ನು ಅತ್ತೆ ಅಡುಗೆಮನೆಗೆ ಒಗ್ಗಿಸಿಕೊಂಡಿದ್ದರು. ಮುಷ್ಟಿ ಹಿಡಿದರೆ ಒಲೆ ಆರಿಸಿ ಬರುತ್ತೇನೆ, ಅಂಗೈ ಅಲ್ಲಾಡಿಸಿದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ.

ನನ್ನ ಅಮ್ಮ ಮಾವನ ತಂಗಿ. ಅವಳ ನಾಲಿಗೆಗೆ ಅಣ್ಣನೆಂಬ ದಾಕ್ಷಿಣ್ಯವಿಲ್ಲ. “ನಿನ್ನ ಮನೆಗೆ ನೊಣ ಬಂದ್ರೂ ಚಪ್ಪಲಿ ಹೊರಗೆ ಬಿಟ್ಟು ಬರ್ಬೇಕು, ಅಲ್ವೇನಣ್ಣ?” ಅನ್ನುತ್ತಿದ್ದಳು.

“ನೊಣಕ್ಕೆ ಬುದ್ಧಿ ಇದೆ, ಬರಲ್ಲ. ಬರೋದು ನೀನು” ಅನ್ನುತ್ತಿದ್ದರು ಮಾವ.

ಅತ್ತೆ ನಗುತ್ತಿದ್ದರು. ರೆಕಾರ್ಡಿಂಗ್ ಇಲ್ಲದ ಸಂಜೆಯಾದರೆ ಜೋರಾಗಿ.

ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಒಂದು ಕ್ರಿಸ್‌ಮಸ್ಸಿಗೆ ಟೀವಿಯಲ್ಲಿ ಒಂದು ದೆವ್ವದ ಕಥೆ ತೋರಿಸಿದ್ದರು. ಹಳೆಯ, ಹೆಸರಾದ ಕಥೆ. ಹಬ್ಬಕ್ಕೆ ಮನೆ ಸೇರಲಾಗದ ಒಬ್ಬ ಗುಮಾಸ್ತ ಹಿಮ ಬೀಳುವ ಊರಿನ ವಸತಿಗೃಹದಲ್ಲಿ ಕೋಣೆ ಹಿಡಿಯುತ್ತಾನೆ. ದಿನಾ ರಾತ್ರಿ ಅವನ ಕೋಣೆಗೆ ಒಬ್ಬ ಹೆಂಗಸು ಬಂದು, ಅವನಿಗೆ ಬೆನ್ನು ಹಾಕಿ, ಬೆಂಕಿಗೂಡಿನ ಮುಂದೆ ಕೈ ಕಾಯಿಸಿಕೊಳ್ಳುತ್ತಾಳೆ. ಅವಳು ಕೈ ಚಾಚಿದಂತೆಲ್ಲ ಬೆಂಕಿ ಸಣ್ಣದಾಗುತ್ತದೆ. ಕೊನೆಯ ರಾತ್ರಿ ಪೂರ್ತಿ ಆರಿಹೋಗುತ್ತದೆ. ಆ ದೃಶ್ಯದಲ್ಲಿ ಮಾತಿಲ್ಲ, ಸಂಗೀತವಿಲ್ಲ. ಕೆಂಡ ಸಿಡಿಯುವ ಸಣ್ಣ ಸದ್ದು, ಆಮೇಲೆ ಅದೂ ಇಲ್ಲ. ನೋಡಿದವರೆಲ್ಲ ಹೆದರಿದ್ದು ಆ ನಿಶ್ಶಬ್ದಕ್ಕೆ.

ಅಲ್ಲೇ ಅತ್ತೆ ಬಾಯಿಬಿಟ್ಟಿದ್ದು.

ಏನು ಹೇಳಿದರು ಎಂಬುದು ಮನೆಯ ಕಥೆಯಲ್ಲಿ ಉಳಿದಿಲ್ಲ. ಹೆದರಿ ಚೀರಿದಳು ಎಂದೇ ಮಾವ ಹೇಳುತ್ತಿದ್ದರು. ಉಳಿದದ್ದು ಅದರ ನಂತರದ ಭಾಗ. ಮಾವ ಆ ಕ್ಯಾಸೆಟ್ಟಿನ ಮೇಲೆ ಕೆಂಪು ಮಸಿಯಲ್ಲಿ ‘ಕೆಟ್ಟಿದೆ’ ಎಂದು ಬರೆದು ಎತ್ತಿಟ್ಟರು, ಮತ್ತೆ ಯಾವತ್ತೂ ಹಾಕಿ ಕೇಳಲಿಲ್ಲ. ಹೊಸ ವರ್ಷ ಬರುವವರೆಗೂ ಅತ್ತೆಯ ಜೊತೆ ಮಾತು ಬಿಟ್ಟರು. ಅತ್ತೆಯೂ ಅವತ್ತಿನಿಂದ ಟೀವಿಯ ಮುಂದೆ ಕೂರುವುದನ್ನು ಬಿಟ್ಟರು. ನಾಟಕ ಶುರುವಾಗುವ ಹೊತ್ತಿಗೆ ಅಡುಗೆಮನೆಗೆ ಹೋಗಿ, ಮಣೆ ಹಾಕಿಕೊಂಡು, ಕಾಳೋ ಸೊಪ್ಪೋ ಬಿಡಿಸುತ್ತ ಕೂರುತ್ತಿದ್ದರು. ಜಗಳವಾಡಿ ಹೋದದ್ದಲ್ಲ. “ನಂದು ಕೆಟ್ಟ ಬಾಯಿ, ಯಾವಾಗ ಜಾರುತ್ತೋ” ಎಂದು ನಗುತ್ತಲೇ ಎದ್ದು ಹೋದವರು ಆಮೇಲೆ ಅಲ್ಲಿಗೆ ಬಂದು ಕೂರಲಿಲ್ಲ. ಕಾಲ ಬದಲಾಯಿತು, ಎಕ್ಸ್‌ಚೇಂಜಿಗೆ ಆಪರೇಟರ್ ಬೇಡವಾದರು, ಮನೆಯಲ್ಲಿ ರೆಕಾರ್ಡಿಂಗೂ ನಿಂತುಹೋಯಿತು. ಅಡುಗೆಮನೆಯ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತೆ ತೀರಿಕೊಂಡರು. ಆ ವರ್ಷವೇ ಮಾವ ಒಂದು ದಿನ ನಮ್ಮ ಮನೆಗೆ ಬಂದು, ಕಾಫಿಯ ಲೋಟ ಹಿಡಿದು ಕೂತರು. ಆಮೇಲೆ ಅಮ್ಮನಿಗೆ ಹೇಳಿದರು: “ಮುಖ ಫೋಟೋದಲ್ಲಿದೆ. ಧ್ವನಿ ಮರೆತುಹೋಗ್ತಾ ಇದೆ ಕಣೇ. ಕಣ್ಣು ಮುಚ್ಚಿದ್ರೆ ಬಾಯಿ ಆಡೋದು ಕಾಣುತ್ತೆ. ಸದ್ದು ಬರಲ್ಲ.”

ಅಮ್ಮ ಅವರ ಕೈಯಿಂದ ಲೋಟ ತೆಗೆದುಕೊಂಡು ಕಾಫಿ ಬಿಸಿ ಮಾಡಲು ಹೋದಳು.

ಊರಿಗೆಲ್ಲ ಗೊತ್ತಿದ್ದ ಧ್ವನಿ. ಅದನ್ನು ಯಾರೂ ಎತ್ತಿಟ್ಟಿರಲಿಲ್ಲ. ಧ್ವನಿಗಳನ್ನೇ ಪೆಟ್ಟಿಗೆಗಟ್ಟಲೆ ಕೂಡಿಟ್ಟ ಮನೆಯಲ್ಲೂ ಇರಲಿಲ್ಲ, ಏಕೆಂದರೆ ಮಾವನ ಕೆಲಸ ಅಷ್ಟು ಶುದ್ಧ.

ಹೋದ ಬೇಸಿಗೆಯಲ್ಲಿ ಪೇಪರಿನಲ್ಲೊಂದು ಸುದ್ದಿ ಬಂತು. ಆ ಹಳೆಯ ದೆವ್ವದ ಕಥೆಯನ್ನು ಒಂದು ಕಂಪನಿ ಈ ಕ್ರಿಸ್‌ಮಸ್ಸಿಗೆ ಡಿಸ್ಕ್ ಮಾಡಿ ಮಾರಲಿದೆ. ಚಿತ್ರದ ರೀಲು ಚೆನ್ನಾಗಿಯೇ ಇದೆ. ಆದರೆ ಆಗಿನ ಪದ್ಧತಿಯಂತೆ ಧ್ವನಿಯ ರೀಲನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು, ಅದು ಕೊಳೆತು ಅಂಟಾಗಿಹೋಗಿದೆ. ಯಾರ ಬಳಿಯಾದರೂ ಆ ಕಾರ್ಯಕ್ರಮದ ಧ್ವನಿ ಇದ್ದರೆ ದಯವಿಟ್ಟು ತಿಳಿಸಿ.

ಮಾವ ಪೇಪರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಡೆದೇ ನಮ್ಮ ಮನೆಗೆ ಬಂದರು. ಅಷ್ಟು ಚುರುಕಾಗಿ ಅವರು ನಡೆದದ್ದನ್ನು ನಾನು ಕಂಡಿರಲಿಲ್ಲ. ಮಷೀನು ತಿಂದ ಅವರ ಕಿವಿಗೆ ಫೋನಿನ ಮಾತು ಹಿಡಿಯುವುದಿಲ್ಲ. ಫೋನು ಮಾಡಿದವಳು ನಾನು, ಪಕ್ಕದಲ್ಲಿ ಕೂತು ಹೇಳಿಕೊಟ್ಟವರು ಅವರು.

“ಕ್ಯಾಸೆಟ್ ಇದೆ ಅಂತ ಹೇಳು. ಶುರುವಿಂದ ಕೊನೇವರೆಗೆ ಇದೆ ಅಂತ ಹೇಳು.”

ಹೇಳಿದೆ. ಆ ಕಡೆ ಮಾತಾಡುತ್ತಿದ್ದವಳು ಅಲ್ಲಿನ ಸೌಂಡ್ ಎಂಜಿನಿಯರ್. ಖುಷಿಯಿಂದ ಕೂಗಿಯೇಬಿಟ್ಟಳು.

“ಒಂದು ಕಡೆ ಕಲೆ ಇದೆ ಅಂತ ಹೇಳು. ಬೆಂಕಿ ಆರೋ ಜಾಗದಲ್ಲಿ. ಅದು ನಾಟಕದ್ದಲ್ಲ, ಹೊರಗಿನ ಸದ್ದು. ಅದನ್ನ ಅಳಿಸಿಬಿಡೋಕೆ ಹೇಳು.”

ಅದನ್ನೂ ಹೇಳಿದೆ. ಕಲೆ ಎಂದರೆ ಕಲೆ ಎಂದೇ ತಿಳಿದೆ. ಕ್ಯಾಸೆಟ್ಟನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕಳಿಸಿದೆವು. ಮರೆತುಹೋದ ಧ್ವನಿ, ಅಳಿಸಬೇಕಾದ ಕಲೆ, ಎರಡೂ ಮಾವನ ಒಂದೇ ತಲೆಯೊಳಗಿದ್ದವು. ಒಂದಕ್ಕೊಂದು ಪರಿಚಯವಿರಲಿಲ್ಲ, ಅಷ್ಟೆ.

ಆ ಪರಿಚಯ ಮಾಡಿಸಿದವಳು ಅಮ್ಮ. ನಾವು ಫೋನು ಮಾಡಿದ ದಿನ ಅವಳು ಮನೆಯಲ್ಲಿರಲಿಲ್ಲ. ಕೆಲವು ದಿನಗಳ ಮೇಲೆ ಮಾವ ಬಂದಿದ್ದಾಗ ಬಟ್ಟೆ ಮಡಿಸುತ್ತ ಕೂತಿದ್ದವಳು ಹೇಗೋ ಆ ಮಾತು ತೆಗೆದಳು.

“ಅಂತೂ ನಿನ್ನ ಉಶ್ ವಿದ್ಯೆಗೆ ಬೆಲೆ ಬಂತು ಬಿಡಣ್ಣ. ಯಾವ ನಾಟಕ ಅದು?”

ಮಾವ ಹೇಳಿದರು. ಅಮ್ಮನ ಕೈ ಮಡಿಸುತ್ತಿದ್ದ ಬಟ್ಟೆಯ ಮೇಲೆ ನಿಂತಿತು.

“ಯಾವುದು, ಅತ್ತಿಗೆ ಜೊತೆ ನೀನು ಮಾತು ಬಿಟ್ಟಿದ್ಯಲ್ಲ, ಅದಾ?”

“ಹೂಂ. ಅದೇ.”

“ಅದರಲ್ಲಿ ಅತ್ತಿಗೆ ಮಾತಾಡಿದಾರಲ್ಲಣ್ಣ.”

“ಅದಕ್ಕೇ ಅಳಿಸೋಕೆ ಹೇಳಿದೀನಿ” ಅಂದರು ಮಾವ. ಆ ವಾಕ್ಯವನ್ನು ಪೂರ್ತಿ ಮಾಡಿದ ಮೇಲೆ ಅವರಿಗೆ ಅದು ಕೇಳಿಸಿತು. ಎದ್ದು ನಿಂತರು. ಮತ್ತೆ ಕೂತರು. ಮಷೀನು ನಿಲ್ಲಿಸು ಎನ್ನುವಂತೆ ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಯವರೆಗೆ ಬಂತು.

ನಾನು ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಮರುದಿನ ರಜೆ, ಅವತ್ತೂ ಎತ್ತಲಿಲ್ಲ. ಅದರ ಮರುದಿನ ಬೆಳಗಿನ ಬಸ್ಸಿಗೆ ಮಾವನೂ ನಾನೂ ಹೊರಟೆವು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಳಿಸೋದು ಅಂದ್ರೆ ಅವರು ಟೇಪಲ್ಲೇ ಅಳಿಸ್ತಾರಾ, ಬೇರೆ ಕಡೆ ತಗೊಂಡು ಅಳಿಸ್ತಾರಾ?” ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಾಗಲೆಲ್ಲ ತಲೆಯಾಡಿಸುವರು, ಇನ್ನೊಂದು ಊರು ದಾಟಿದ ಮೇಲೆ ಮತ್ತೆ ಕೇಳುವರು.

ಸ್ಟುಡಿಯೋ ಅಂದರೆ ಮಳಿಗೆಗಳ ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಒಳಗೆ ಕಾಲಿಟ್ಟೊಡನೆ ಬೀದಿಯ ಸದ್ದು ಕತ್ತರಿಸಿದಂತೆ ನಿಂತಿತು. ಮಾವ ಜೀವಮಾನವೆಲ್ಲ ಬಯಸಿದ ಮನೆ ಇಂಥದ್ದೇ ಇರಬೇಕು. ಅವರು ಅದನ್ನು ನೋಡಲೂ ಇಲ್ಲ.

“ಅಳಿಸಿಬಿಟ್ರಾ?” ಎಂದು ಬಾಗಿಲಲ್ಲೇ ಕೇಳಿದರು.

ಎಂಜಿನಿಯರ್ ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ಕತ್ತಿಗೆ ಹೆಡ್‌ಫೋನು ಜೋತುಬಿದ್ದಿತ್ತು. “ಆಯ್ತು ಸರ್, ಎಷ್ಟು ಕ್ಲೀನಾಗಿ ಬಂದಿದೆ ಅಂದ್ರೆ...” ಎಂದವಳು ಮಾವನ ಮುಖ ನೋಡಿ ಮಾತು ನಿಲ್ಲಿಸಿದಳು. ಮಾವ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ನಾನು ವಿಷಯ ಹೇಳಿದೆ, ಎರಡೇ ಮಾತಿನಲ್ಲಿ.

“ಅಯ್ಯೋ, ಕೂತ್ಕೊಳಿ ಸರ್, ಮೊದಲು ಕೂತ್ಕೊಳಿ” ಅಂದಳು. “ನಿಮ್ಮ ಟೇಪು ಒಂದು ಸಲ ಓಡಿದ್ದೇ ಹೆಚ್ಚು, ಮೇಲಿನ ಪುಡಿಯೆಲ್ಲ ಉದುರಿಹೋಯ್ತು. ಇನ್ನು ಅದು ಓಡಲ್ಲ. ಆದ್ರೆ ಓಡಿದ್ದಷ್ಟನ್ನೂ ಹಾಗೇ ಇಳಿಸ್ಕೊಂಡಿದೀನಿ. ಕ್ಲೀನ್ ಮಾಡಿದ್ದು ಅದರ ನಕಲನ್ನ.”

ಮಾವನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ನಾನು ಕಿವಿಯ ಬಳಿ ಬಗ್ಗಿ, “ಇದೆಯಂತೆ ಮಾವ” ಅಂದೆ.

ಅವಳು ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ಗುಡ್ಡಗಳಂತೆ ಏರಿಳಿಯುತ್ತಿದ್ದ ಗೆರೆ ಒಂದು ಕಡೆ ನೆಲಕ್ಕೆ ಮಲಗಿತ್ತು. ಅದು ಬೆಂಕಿ ಆರುವ ಜಾಗ. ಆ ಸಪಾಟಿನ ನಡುವೆ ಸಣ್ಣದೊಂದು ಉಬ್ಬು, ಅದಕ್ಕೆ ಅಂಟಿಕೊಂಡೇ ಒಂದು ಚೂಪು ಶಿಖರ. ಮಾವನ ಕಿವಿಗೆ ನಿಲುಕಲೆಂದು ಅವಳು ಸದ್ದನ್ನು ಪೂರಾ ಏರಿಸಿದಳು.

ಮೊದಲು ಬಂದದ್ದು ಒಂದು ಕೋಣೆ. ಮಾತಿಲ್ಲದ ಕೋಣೆಗೂ ಒಂದು ಸದ್ದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿಟ್ಟ, ನಲ್ಲಿಗೆ ಬಟ್ಟೆ ಕಟ್ಟಿದ ಆ ಕೋಣೆ ಉಸಿರಾಡುತ್ತಿತ್ತು. ಒಂದು ಕೆಂಡ ಸಿಡಿಯಿತು. ಆಮೇಲೆ, ತೀರಾ ಹತ್ತಿರದಿಂದ, ಪೆಪ್ಪರ್‌ಮಿಂಟನ್ನು ದವಡೆಗೆ ಸರಿಸಿಕೊಂಡ ಬಾಯಿಂದ, ಮೆಲ್ಲಗೆ:

“ಪಾಪ, ಚಳಿಯಾಗ್ತಿದೆ ರೀ ಅವಳಿಗೆ. ಒಂದು...”

“ಉಶ್!”

ಸದ್ದು ಏರಿಸಿದ್ದರಿಂದ ಆ ಉಶ್ ಆವಿಯ ಕೊಳವೆ ಒಡೆದಂತೆ ಕೋಣೆಯನ್ನೆಲ್ಲ ತುಂಬಿತು. ಎಂಜಿನಿಯರ್ ಬೆಚ್ಚಿ ಕೈ ಹಿಂದೆಳೆದುಕೊಂಡಳು. ನಾನೂ ಬೆಚ್ಚಿದೆ. ಆಮೇಲೆ ಏನೂ ಇಲ್ಲ. ಪರದೆಯ ಮೇಲೆ ಗೆರೆ ಓಡುತ್ತಲೇ ಇತ್ತು. ಗುಮಾಸ್ತ ಎದ್ದ, ಬಾಗಿಲು ತೆರೆದ, ಗಂಟೆ ಹೊಡೆಯಿತು, ಕಥೆ ಮುಗಿಯಿತು. ಅಷ್ಟರಲ್ಲೆಲ್ಲೂ ಒಂದು ಕೆಮ್ಮೂ ಇರಲಿಲ್ಲ.

ಅತ್ತೆ ಚೀರಿರಲಿಲ್ಲ. ಹೆದರಿಯೂ ಇರಲಿಲ್ಲ. ಊರೆಲ್ಲ ದೆವ್ವವೆಂದು ನಡುಗಿದವಳನ್ನು ಚಳಿಯಲ್ಲಿ ನಿಂತ ಒಬ್ಬ ಹೆಂಗಸು ಎಂದುಕೊಂಡಿದ್ದರು.

“ಇನ್ನೊಂದ್ಸಲ” ಅಂದರು ಮಾವ.

ಅವಳು ಹಾಕಿದಳು. ಇನ್ನೊಂದು ಸಲ. ಮಾವ ಕಣ್ಣು ಮುಚ್ಚಿರಲಿಲ್ಲ. ಪರದೆಯ ಮೇಲಿನ ಆ ಚೂಪು ಶಿಖರವನ್ನೇ ನೋಡುತ್ತಿದ್ದರು.

“ಇದನ್ನ ತೆಗೀಬಹುದಾ?” ಎಂದು ಅದನ್ನು ಬೆರಳಿನಿಂದ ತೋರಿಸಿದರು. “ಇದು ನಾನು.”

“ಅದೊಂದನ್ನೇ ತೆಗೆಯೋಕಾಗಲ್ಲ ಸರ್. ‘ಒಂದು’ ಅಂತಾರಲ್ಲ, ಅದರ ಮೇಲೇ ಬಿದ್ದಿದೆ. ತೆಗೆದ್ರೆ ಅವರ ಮಾತೂ ಅದರ ಜೊತೆ ಹೋಗುತ್ತೆ. ಎರಡೂ ಇರಬೇಕು, ಇಲ್ಲಾ ಎರಡೂ ಹೋಗಬೇಕು.”

“ಇರಲಿ ಹಾಗಾದ್ರೆ.”

ಅವಳು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು. “ಸರ್, ಡಿಸ್ಕ್‌ನಲ್ಲೂ ಇದನ್ನ ಹಾಗೇ ಇಟ್ಟುಬಿಡ್ಲಾ? ಮೇಲಿನವರನ್ನ ನಾನು ಒಪ್ಪಿಸ್ತೀನಿ. ಧ್ವನಿ ಸಿಕ್ಕಿದ್ದೇ ನಿಮ್ಮಿಂದ, ಇಲ್ಲ ಅನ್ನಲ್ಲ ಅವರು.”

ಮಾವನ ಮುಖದಲ್ಲಿ ಆಸೆ ಎದ್ದುದನ್ನು ಕಂಡೆ. ಅತ್ತೆಯ ಧ್ವನಿ ಮತ್ತೆ ಎಷ್ಟೋ ಮನೆಗಳಿಗೆ ಹೋಗುತ್ತದೆ, ಮೊದಲಿನ ಹಾಗೆ. ಅವರು ಅಂಗೈಗಳನ್ನು ಮೊಣಕಾಲಿಗೆ ಉಜ್ಜಿಕೊಳ್ಳುತ್ತ ಯೋಚಿಸಿದರು. ಉಗುರಿನ ಸಂದಿಯ ಮಸಿ ನಿವೃತ್ತರಾದ ಮೇಲೂ ಹೋಗಿಲ್ಲ.

“ಬೇಡಮ್ಮ” ಅಂದರು ಕೊನೆಗೆ. “ಕಾಸು ಕೊಟ್ಟು ತಗೊಂಡೋರು ಬೈತಾರೆ ಅವಳನ್ನ. ಯಾವುದೋ ಹೆಂಗಸು ನಡುವೆ ಬಾಯಿ ಹಾಕಿ ಒಳ್ಳೇ ಜಾಗ ಕೆಡಿಸಿದ್ಲು ಅಂತಾರೆ. ನಾನೇ ಅಂದಿದ್ದೆನಲ್ಲ. ಒಂದು ಸಲ ಅನ್ನಿಸ್ಕೊಂಡಿದ್ದು ಸಾಕು. ತೆಗೆದುಬಿಡು.”

ಅಳಿಸುವ ಮುಂಚಿನ ತುಣುಕನ್ನು ಅವಳು ಬೇರೆ ಡಿಸ್ಕಿಗೆ ಹಾಕಿ ಕೊಟ್ಟಳು. ಮಾವ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಬಸ್ಸಿನಲ್ಲಿ ಮೇಲಿನಿಂದ ಅಂಗೈ ಒತ್ತಿಕೊಂಡು ಕೂತರು. ವಾಪಸು ಬರುವಾಗ ಏನೂ ಕೇಳಲಿಲ್ಲ. ಊರು ಹತ್ತಿರವಾದಾಗ ಮಾತ್ರ ನನ್ನ ಕಡೆ ಬಗ್ಗಿ, “ಒಂದು ಅಂದ್ರೆ ಏನಿರಬಹುದು?” ಅಂದರು.

ಡಿಸ್ಕಿನ ಪೊಟ್ಟಣ ಕ್ರಿಸ್‌ಮಸ್ಸಿಗೆ ಮುಂಚೆಯೇ ಬಂತು. ಮುಖಪುಟದಲ್ಲಿ ಬೆನ್ನು ಹಾಕಿ ನಿಂತ ಹೆಂಗಸು. ಹಿಂದುಗಡೆ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಧ್ವನಿ: ಒಬ್ಬ ವೀಕ್ಷಕರ ಮನೆಯಲ್ಲಿ ಮುದ್ರಿಸಿಕೊಂಡದ್ದು’ ಎಂದಿತ್ತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ಓದಿ, “ಮನೇನ ಹಾಕಿದಾರೆ, ಮನೆಯವಳನ್ನ ಬಿಟ್ಟಿದಾರೆ” ಅಂದಳು.

ಹಬ್ಬದ ಸಂಜೆ ಮೂವರೂ ಮಾವನ ಮನೆಯಲ್ಲಿ ಕೂತೆವು. ಬೀದಿಯಲ್ಲಿ ಯಾರದೋ ಮನೆಯ ಹಾಡು, ಮಕ್ಕಳ ಗಲಾಟೆ. ಮಾವ ಬಾಗಿಲು ಹಾಕಲಿಲ್ಲ. ಗಡಿಯಾರ ಗೋಡೆಯಲ್ಲೇ ಇತ್ತು, ನಲ್ಲಿ ಅದರ ಪಾಡಿಗೆ ತೊಟ್ಟಿಕ್ಕುತ್ತಿತ್ತು. ಅಮ್ಮನಿಗೆ ಅದು ಹೊಸದು. ಬಾಗಿಲು ಹಾಕಲೆಂದು ಒಂದೆರಡು ಸಲ ಏಳಲು ಹೋದಳು, ಮಾವ ಕೈಯಾಡಿಸಿ ಕೂರಿಸಿದರು. ಅಡುಗೆಮನೆಯಲ್ಲಿ ಅತ್ತೆ ಕೂರುತ್ತಿದ್ದ ಮಣೆಯನ್ನು ಅವರು ಟೀವಿಯ ಮುಂದೆ ತಂದಿಟ್ಟಿದ್ದರು. ಯಾಕೆಂದು ನಾವು ಕೇಳಲಿಲ್ಲ. ಅದರ ಮೇಲೆ ಯಾರೂ ಕೂರಲೂ ಇಲ್ಲ.

ಚಿತ್ರ ತೊಳೆದ ಗಾಜಿನಂತಿತ್ತು. ಮಾತುಗಳೂ ಹಾಗೆಯೇ. ಗುಮಾಸ್ತ ಕೋಣೆ ಹಿಡಿದ. ಹಿಮ ಬಿತ್ತು. ಆ ಹೆಂಗಸು ಬಂದಳು, ಹೋದಳು, ಮತ್ತೆ ಬಂದಳು. ಕೊನೆಯ ರಾತ್ರಿ ಬೆಂಕಿಯ ಮುಂದೆ ಎರಡೂ ಕೈ ಚಾಚಿ ನಿಂತಳು. ಕೆಂಡ ಸಿಡಿಯಿತು. ಆಮೇಲೆ ನಿಶ್ಶಬ್ದ. ಎಷ್ಟು ಚೊಕ್ಕವಾದ ನಿಶ್ಶಬ್ದವೆಂದರೆ ಅಲ್ಲಿ ಯಾವತ್ತೂ ಯಾರೂ ಬಾಯಿಬಿಟ್ಟಿರಲಿಲ್ಲ ಎಂದೇ ಅನ್ನಿಸಬೇಕು. ಸ್ಟುಡಿಯೋದಲ್ಲಿ ಕೇಳಿದ ಆ ಕೋಣೆಯ ಉಸಿರೂ ಹೋಗಿತ್ತು.

“ಪಾಪ” ಅಂದರು ಮಾವ. ಕಿವಿ ಮಂದವಾದವರ ಧ್ವನಿ, ಬೇಕಾದ್ದಕ್ಕಿಂತ ಜೋರು. “ಚಳಿಯಾಗ್ತಿದೆ ಅವಳಿಗೆ. ಒಂದು...”

ಅಮ್ಮನ ಬೆರಳು ಹಳೆಯ ಅಭ್ಯಾಸಕ್ಕೆ ತುಟಿಯವರೆಗೆ ಹೋಗಿತ್ತು. ಅರ್ಧದಲ್ಲೇ ಕೆಳಗಿಳಿಯಿತು.

ಈ ಸಲ ಅವರನ್ನು ತಡೆಯುವವರಿರಲಿಲ್ಲ. ಮುಂದಿನ ಮಾತಿಗೆ ಬೇಕಾದಷ್ಟು ಜಾಗವಿತ್ತು. ಮಾವ ಬಾಯಿ ತೆರೆದುಕೊಂಡೇ ಮಣೆಯ ಕಡೆ ನೋಡುತ್ತ ಕಾದರು. ಪರದೆಯ ಮೇಲೆ ಬೆಂಕಿ ಆರಿತು.

“ಒಂದು ಶಾಲು ಕೊಡಿ ಅಂತಿರಬೇಕು ಅಣ್ಣ” ಅಂದಳು ಅಮ್ಮ ಮೆಲ್ಲಗೆ.

“ಇರಬಹುದು” ಅಂದರು ಮಾವ. ಕಥೆ ಮುಗಿದು ಹೆಸರುಗಳು ಮೇಲೇರಿ ಹೋದ ಮೇಲೆ, “ಅವಳು ಹಾಗೆ ಹೇಳ್ತಿರಲಿಲ್ಲ” ಅಂದರು. ಎದ್ದು ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರು. ಅದು ನಿಲ್ಲಲಿಲ್ಲ.